ನಲವತ್ತು ಅಕ್ಷರದ ಸಾಲು

ಅವಳ ಕಂಪ್ಯೂಟರಿನಲ್ಲಿ ನೋಡುವಂಥದ್ದೇನೂ ಇರಲಿಲ್ಲ. ಕಪ್ಪು ಪರದೆ, ಅದರ ನಟ್ಟನಡುವೆ ಕೋಡು ಬರೆಯುವ ಅಂಗೈಯಗಲದ ಟರ್ಮಿನಲ್ ಕಿಟಕಿ, ಅದರೊಳಗೆ ಬಿಳಿ ಅಕ್ಷರ. ಚಿತ್ರವಿಲ್ಲ, ಬಣ್ಣವಿಲ್ಲ, ಮೌಸನ್ನಂತೂ ಎಂದೋ ಕಿತ್ತು ಡ್ರಾಯರಿಗೆ ಹಾಕಿದ್ದಳು. ಮನೆಯಿಂದಲೇ ಕೆಲಸ ಮಾಡುತ್ತಿದ್ದ ಒಂದು ದಿನ ಅತ್ತೆ ಇಣುಕಿ ನೋಡಿ, "ಇದೇನಮ್ಮ, ಕೆಟ್ಟುಹೋಗಿದ್ಯಾ? ರಿಪೇರಿಗೆ ಕೊಡಬಾರ್ದಾ?" ಎಂದಿದ್ದರು. ಆಫೀಸಿನವರ ಕಣ್ಣಿಗೆ ಮಾತ್ರ ಅದು ತಪಸ್ಸು. ಹೊಸದಾಗಿ ಸೇರಿದ ಇಬ್ಬರು ತಮ್ಮ ಮೌಸುಗಳನ್ನೂ ಕಿತ್ತಿಟ್ಟು, ವಾರವೆಲ್ಲ ಒದ್ದಾಡಿ, ಯಾರಿಗೂ ಗೊತ್ತಾಗದ ಹಾಗೆ ಮತ್ತೆ ಸಿಕ್ಕಿಸಿಕೊಂಡರು.

ನಿಜಸಂಗತಿ ಬೇರೆಯೇ ಇತ್ತು. ಅವಳ ಕಣ್ಣು ಅಂಚಿನಿಂದ ಒಳಕ್ಕೆ ಆರುತ್ತಾ ಬರುತ್ತಿತ್ತು. ನೋಡಿದ್ದರ ನಡುಭಾಗ ಕಾಣುತ್ತಿತ್ತು, ಸುತ್ತಲಿನದು ಇಲ್ಲ. ಕಣ್ಣಿನ ಡಾಕ್ಟರು, "ಬರ್ತಾ ಬರ್ತಾ ಇನ್ನೂ ಕಿರಿದಾಗುತ್ತೆ, ಇದಕ್ಕೆ ಔಷಧಿ ಇಲ್ಲ" ಎಂದಾಗ ಅವಳು ಅಳಲಿಲ್ಲ, ಗಾಬರಿಯನ್ನೂ ಪಡಲಿಲ್ಲ. ಹಲ್ಲು ಕೀಳುವ ಮುಂಚೆ ಸೂಜಿ ಚುಚ್ಚಿದ ವಸಡಿನ ಹಾಗಿತ್ತು ಮನಸ್ಸು. "ಸರಿ ಡಾಕ್ಟ್ರೇ" ಎಂದು ಎದ್ದು, ದಾರಿಯಲ್ಲಿ ಸೋಪು, ಟೂತ್‌ಪೇಸ್ಟು ಕೊಂಡು ಮನೆಗೆ ಬಂದಳು. ಗಂಡನಿಗೆ ಹೇಳಿದಳು. ಅವನು ಸಂಜೆಯೆಲ್ಲ ಅತ್ತ. ಅವನದು ಮುಗಿಯಲಿ ಎಂದು ಇವಳು ಪಕ್ಕದಲ್ಲಿ ಕೂತು ಒಗೆದ ಬಟ್ಟೆ ಮಡಚಿದಳು. ಆಫೀಸಿನಲ್ಲಿ ಮಾತ್ರ ಬಾಯಿ ಬಿಡಲಿಲ್ಲ. ಮೊದಲಿನ ಹಾಗೇ ಉಳಿದದ್ದು ಕೆಲಸ ಒಂದೇ. ಅದಕ್ಕೆ ಯಾರೂ ಕೈಹಾಕುವುದು ಅವಳಿಗೆ ಬೇಕಿರಲಿಲ್ಲ.

ಔಷಧಿ ಸಾಗಿಸುವ ತಂಪು ಲಾರಿಗಳಲ್ಲಿ ಶಾಖ ಏರಿದರೆ ಎಚ್ಚರಿಕೆ ಕೊಡುವ ಪ್ರೋಗ್ರಾಮು ಅವರದು. ಬರೆಯುತ್ತಿದ್ದದ್ದು ಇನ್ನೂ ಹಾಲುಹಲ್ಲು ಬೀಳದ ಒಂದು ಹೊಸ ಕಂಪ್ಯೂಟರ್ ಭಾಷೆಯಲ್ಲಿ. ಅದರ ರಗಳೆಯೂ ಎಳೆಮಗುವಿನದೇ. ನಿನ್ನೆ ನುಂಗಿದ್ದನ್ನು ಇವತ್ತು ಉಗಿಯುತ್ತಿತ್ತು. ಹೊಸ ಆವೃತ್ತಿ ಬಂದಾಗಲೆಲ್ಲ ಹಳೆಯ ಕೋಡು ಮುರಿದು, ಮಿಕ್ಕವರು ತಲೆ ಚಚ್ಚಿಕೊಳ್ಳುವಾಗ ಇವಳು ಸುಮ್ಮನೆ ಕೂತು ಒಂದೊಂದೇ ಸರಿಮಾಡುತ್ತಿದ್ದಳು. ಕಣ್ಣಿಗೆ ಒಮ್ಮೆಲೇ ನಿಲುಕುವುದು ನಲವತ್ತು ಅಕ್ಷರವಾದ್ದರಿಂದ ಅವಳ ಸಾಲುಗಳೂ ಅಷ್ಟೇ ಉದ್ದ. ಎಷ್ಟು ಚೊಕ್ಕವಾಗಿದೆ ಎಂದು ತಲೆದೂಗಿದ ತಂಡ ಅದನ್ನೇ ಎಲ್ಲರಿಗೂ ನಿಯಮ ಮಾಡಿಕೊಂಡಿತು.

ತಲೆದೂಗದವನು ಒಬ್ಬನೇ, ಆಚೆ ಸಾಲಿನ ಮೇಜಿನವನು. ಅವನನ್ನು ಎಲ್ಲರೂ ಕರೆಯುತ್ತಿದ್ದದ್ದು ತಕರಾರು ಎಂದೇ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಿ ಒಪ್ಪಿದ ಮೇಲಷ್ಟೇ ಕೋಡು ಮುಂದಕ್ಕೆ ಹೋಗುವುದು ಅಲ್ಲಿನ ಪದ್ಧತಿ. ಇವಳದನ್ನು ಓದುವ ಪಾಳಿ ಅವನದು. "ಅಕ್ಕ, ಕೋಡಿನ ಈ ತುಂಡಿಗೆ ಇದೇನು ಹೆಸರು, ನಿದ್ದೆಗಣ್ಣಲ್ಲಿ ಇಟ್ಟಿದ್ದಾ?" ಎಂದು ಬರೆಯುತ್ತಿದ್ದ. "ನಿನಗಿಟ್ಟಿರೋ ಹೆಸರಿಗಿಂತ ವಾಸಿ" ಎಂದು ಇವಳ ಉತ್ತರ. ದಿನದಲ್ಲಿ ಅವಳಿಗೆ ಒಂದಿಷ್ಟು ಬಿಸಿ ತಟ್ಟುತ್ತಿದ್ದದ್ದು ಆ ಜಗಳದಲ್ಲೇ.

ಹೀಗಿರುವಾಗ ಭಾಷೆಯ ಮತ್ತೊಂದು ಆವೃತ್ತಿ ಬಂತು. ಸಾಲುಗಳನ್ನು ಇನ್ನು ನಾನೇ ಜೋಡಿಸುತ್ತೇನೆ, ನೂರು ಅಕ್ಷರದವರೆಗೂ ಎಳೆಯುತ್ತೇನೆ, ನಿಮ್ಮನ್ನು ಯಾರೂ ಕೇಳಿಲ್ಲ ಎಂಬಂತಿತ್ತು ಅದರ ಧೋರಣೆ. ಅವಳ ಪುಟ್ಟ ಕಿಟಕಿಯಲ್ಲಿ ಉದ್ದ ಸಾಲುಗಳು ಮುರಿದು ಒಂದರ ಮೇಲೊಂದು ಬಿದ್ದು ಕಲಸುಮೇಲೋಗರವಾದವು. ಹೊಸ ರೀತಿಗೆ ಹೋಗೋಣವೇ ಎಂದು ತಂಡ ಸೇರಿಸಿದ ಸಭೆಯಲ್ಲಿ ಬೇಡವೆಂದವಳು ಅವಳೊಬ್ಬಳೇ.

ತಂಡದ ಮುಖ್ಯಸ್ಥೆ ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವಳು, ಒಳ್ಳೆಯವಳು. "ಒಂದು ಕಾರಣ ಕೊಡಿ ಅಕ್ಕ, ಹಳೇ ರೀತೀನೇ ಇಟ್ಕೊಳ್ಳೋಣ" ಎಂದಳು.

"ನಂಗೆ ಕಣ್ಣು ಹೋಗ್ತಾ ಇದೆ. ನಲವತ್ತಕ್ಕಿಂತ ಅಗಲ ಕಾಣಲ್ಲ."

ಬಸ್ಸು ತಡವಾಯಿತು ಎಂದಷ್ಟೇ ತಣ್ಣಗೆ ಹೇಳಿದಳು. ಹಳೆಯ ರೀತಿಯೇ ಉಳಿಯಿತು.

ಉಳಿಯಿತು, ಸುಳ್ಳಲ್ಲ. ಆದರೆ ಮರುದಿನದಿಂದ ಜನ ಅವಳೊಡನೆ ಗಟ್ಟಿಯಾಗಿ ಮಾತಾಡತೊಡಗಿದರು. ಹೋಗುತ್ತಿರುವುದು ಕಣ್ಣೋ ಕಿವಿಯೋ ಎಂದು ಯೋಚಿಸುವ ವ್ಯವಧಾನ ಪಾಪ ಯಾರಿಗಿತ್ತು? ಕಾಫಿ ಅವಳ ಮೇಜಿಗೇ ಬರುತ್ತಿತ್ತು. ತಕರಾರು ತನ್ನ ತಕರಾರನ್ನೇ ಮರೆತ. ಏನು ಕಳಿಸಿದರೂ ಅವನದು ಒಂದೇ ಮಾತು: "ಚೆನ್ನಾಗಿದೆ ಅಕ್ಕ." ಒಂದು ತಿಂಗಳು ಹೀಗೇ ನಡೆಯಿತು. ಅವನು ಓದುವುದೇ ಇಲ್ಲ, ಅಯ್ಯೋ ಪಾಪ ಎಂದು ಒಪ್ಪಿಬಿಡುತ್ತಾನೆ ಎಂದು ಅವಳಿಗೆ ಖಾತ್ರಿಯಾಯಿತು.

ಒಂದು ಬೆಳಿಗ್ಗೆ ಅವಳು ಬೇಕೆಂದೇ ಒಂದು ಚಿಹ್ನೆಯನ್ನು ತಿರುಗಿಸಿದಳು. ಶಾಖ ಮಿತಿಗಿಂತ ಹೆಚ್ಚಾದರೆ ಎನ್ನುವ ಕಡೆ ಕಡಿಮೆಯಾದರೆ ಎಂದಾಯಿತು. ಲಾರಿ ತಣ್ಣಗಿದ್ದರೆ ಬೊಬ್ಬೆ, ಔಷಧಿ ಬೆಂದುಹೋದರೆ ಮೌನ. ಲಾರಿಯವರೆಗೆ ಹೋಗುವ ಮುಂಚೆ ತಾನೇ ತಡೆದರಾಯಿತು ಎಂದುಕೊಂಡು ಕಳಿಸಿದಳು.

ಊಟದ ಹೊತ್ತಿಗೆ ಉತ್ತರ ಬಂತು. "ಚೆನ್ನಾಗಿದೆ ಅಕ್ಕ."

ಅವಳಿಗೆ ಸಿಟ್ಟು ಬಂತು. ಕಿವಿ ಬಿಸಿಯಾಗುವಂಥ ಸಿಟ್ಟು, ಎಷ್ಟೋ ಕಾಲದ ಮೇಲೆ ಬಂದದ್ದು. ಬಂತಲ್ಲ ಎಂದು ಒಳಗೊಳಗೇ ಹಿಗ್ಗೂ ಆಯಿತು. ಎದ್ದು, ನಡುವಿನ ಕುರ್ಚಿಗೆ ಮೊಣಕಾಲು ತಾಗಿಸಿಕೊಂಡು, ಅವನ ಮೇಜಿನ ಮುಂದೆ ನಿಂತಳು.

"ಓದದೇನೇ ಒಪ್ತೀಯಲ್ಲ, ನಾಚಿಕೆ ಆಗಲ್ವಾ? ಚಿಹ್ನೆ ತಿರುಗಿಸಿದ್ದು ನಾನೇ, ಬೇಕು ಅಂತಾನೇ. ಲಾರಿ ಹೊತ್ತಿ ಉರಿದ್ರೂ ಅದು ಕಮಕ್ ಕಿಮಕ್ ಅನ್ನಲ್ಲ."

ಅವನು ಅವಳ ಮುಖ ನೋಡಲಿಲ್ಲ. "ನೋಡ್ದೆ ಅಕ್ಕ. ಸರಿ ಮಾಡಿನೇ ಮುಂದಕ್ಕೆ ಹಾಕಿದ್ದು."

"ಹೇಳೋಕೇನಾಗಿತ್ತು?"

"ಪ್ರತಿ ಸಲ ಹೇಳಿ ನಿಮ್ಮ ಮನಸ್ಸು ಯಾಕೆ ನೋಯಿಸೋದು ಅಂತ."

"ಪ್ರತಿ ಸಲ ಅಂದ್ರೆ?"

ಅವನು ಪೆನ್ನಿನ ಮುಚ್ಚಳ ತೆಗೆದ, ಹಾಕಿದ. "ಈ ತಿಂಗಳಲ್ಲಿ ಇದು ನಾಲ್ಕನೇದು."

ಅವಳು ಬೇಕೆಂದು ಮಾಡಿದ್ದು ಒಂದೇ. ಮಿಕ್ಕ ಮೂರು ತಪ್ಪುಗಳು ಅವಳಿಗೆ ಗೊತ್ತಿಲ್ಲದೆ, ಅವಳ ಕಣ್ಣೆದುರಿಗೇ, ತನಗೆ ಪೂರ್ತಿ ಕಾಣುತ್ತದೆ ಎಂದುಕೊಂಡಿದ್ದ ಜಾಗದಲ್ಲೇ ಆಗಿದ್ದವು. ಸಿಟ್ಟು ಅಲ್ಲಿಗೇ ಇಳಿಯಿತು, ಭಯ ಬಂತು. ಮೇಜು ಸುತ್ತಿ ಬಂದು, ಅವನ ಕುರ್ಚಿಯ ಬೆನ್ನು ಹಿಡಿದು ಪರದೆಯ ಹತ್ತಿರಕ್ಕೆ ಬಗ್ಗಿದಳು.

"ತೋರ್ಸು," ಎಂದಳು. "ಆ ಮೂರನ್ನೂ ತೋರ್ಸು."