ಸೋಮಾರಿ ಎಲೆಕೋಸು

ಎಲೆಕೋಸು ಬೇಯುವ ವಾಸನೆಯನ್ನು ಹೊಗಳಿದವರನ್ನು ನಾನು ಈವರೆಗೆ ಕಂಡಿಲ್ಲ. ಮಲ್ಲಿಗೆಯ ಪರವಾಗಿ ಮಾತಾಡುವವರಿದ್ದಾರೆ, ಕಾಫಿಯ ಪರವಾಗಿಯಂತೂ ಊರಿಗೆ ಊರೇ ಇದೆ; ಪಾಪದ ಕೋಸಿಗೆ ಯಾರೂ ಇಲ್ಲ. ಇವತ್ತು ಬೆಳಿಗ್ಗೆ ಕೊಲ್ಲಿ ದೇಶದ ಈ ಬೌಷರಿನ ಒಂದು ಫ್ಲ್ಯಾಟಿನ ಅಡುಗೆಮನೆಯಲ್ಲಿ, ನನ್ನದಲ್ಲದ ಏಪ್ರನ್ ಕಟ್ಟಿಕೊಂಡು, ದೊಡ್ಡ ಪಾತ್ರೆಯ ಮುಚ್ಚಳ ತೆಗೆದೆ. ಕೋಸು, ಕುಚ್ಚಲಕ್ಕಿ, ಟೊಮೆಟೊ ಒಟ್ಟಿಗೆ ಬೆಂದ ಹಬೆ ಮುಖಕ್ಕೆ ಬಡಿಯಿತು. ನಡುಮನೆಯಲ್ಲಿ ಕೂತಿದ್ದ ನನ್ನ ಹೆಂಡತಿ ಸರೋಜ, "ಫ್ಯಾನ್ ಹಾಕಿ ಮಾರಾಯ್ರೆ, ಎಂತ ವಾಸನೆ!" ಎಂದಳು. ನಾನು ಹಾಕಲಿಲ್ಲ. ಆ ವಾಸನೆ ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಇರಲಿ ಅನ್ನಿಸಿತು. ಕಣ್ಣು ತುಂಬಿ ಬಂದಿತ್ತು. ಯಾರಾದರೂ ಕೇಳಿದರೆ ಈರುಳ್ಳಿ ಎಂದು ಹೇಳುವುದೆಂದು ಮೊದಲೇ ತೀರ್ಮಾನಿಸಿಕೊಂಡಿದ್ದೆ.

ಫ್ಲ್ಯಾಟು ಒಕ್ಸಾನಾಳದ್ದು. ಒಕ್ಸಾನಾ ನಮ್ಮ ವಾಸಣ್ಣನ ಮಗಳು. ಈ ವಾಸಣ್ಣ ಯಾರು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಅದನ್ನು ಹೇಳಲು ನಾನು ನಿಮ್ಮನ್ನು ಇಲ್ಲಿಯ ಹಳೆಯ ಬಂದರು ಪೇಟೆ ಮತ್ರಾಕ್ಕೆ ಕರೆದುಕೊಂಡು ಹೋಗಬೇಕು, ಅದೂ ಎಂಬತ್ತರ ದಶಕದ ಮತ್ರಾಕ್ಕೆ.

ಮತ್ರಾದ ಸೂಕಿನ, ಅಂದರೆ ಅಂಗಡಿ ಬೀದಿಯ, ಹಿಂದೆ, ಎದುರಿನಿಂದ ಒಬ್ಬ ಬಂದರೆ ಇನ್ನೊಬ್ಬ ಗೋಡೆಗೆ ಅಂಟಿಕೊಳ್ಳಬೇಕಾದ ಒಂದು ಓಣಿ. ಅಲ್ಲಿ ನಾವು ಮೂವರು ಒಂದು ರೂಮು ಹಿಡಿದಿದ್ದೆವು. ನಾನು ಕಾಪು ಕಡೆಯವನು, ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಟೈಪಿಸ್ಟ್. ಮದುವೆಯಾಗಿರಲಿಲ್ಲ, ಹಾಗಾಗಿ ಜಗತ್ತಿನ ಎಲ್ಲ ವಿಷಯವೂ ನನಗೆ ಗೊತ್ತಿತ್ತು. ಲಾರೆನ್ಸ್ ಮಂಗಳೂರಿನ ಕೊಂಕಣಿಯವನು, ಹೋಟೆಲೊಂದರಲ್ಲಿ ಬಡಿಸುವ ಕೆಲಸ. ವಾಸಣ್ಣ ನಮ್ಮಿಬ್ಬರಿಗಿಂತ ದೊಡ್ಡವರು, ಉಡುಪಿಯವರು, ಕಡಲ ನೀರನ್ನು ಕುಡಿಯುವ ನೀರು ಮಾಡುವ ಕಾರ್ಖಾನೆಯಲ್ಲಿ ಇಂಜಿನಿಯರ್. ಅವರಿಗೆ ಬೇರೆ ಒಳ್ಳೆಯ ಮನೆ ಸಿಗುತ್ತಿತ್ತು. "ಒಬ್ಬನೇ ಕೂತು ಉಣ್ಲಿಕ್ಕೆ ನನ್ನಿಂದ ಆಗುದಿಲ್ಲ" ಎಂದು ನಮ್ಮ ಜೊತೆ ಬಂದು ಸೇರಿಕೊಂಡವರು.

ಉಣ್ಣುವುದರಲ್ಲಿ ಅವರಷ್ಟು ನಿಧಾನದವರನ್ನು ನಾನು ನೋಡಿಲ್ಲ. ನಾವಿಬ್ಬರು ಕೈ ತೊಳೆದು, ಬಟ್ಟಲು ತೊಳೆದು, ಚಾಪೆ ಬಿಡಿಸಿದರೂ ಅವರದ್ದು ಸಾರು ಮುಗಿದು ಮಜ್ಜಿಗೆ ಶುರುವಾಗುತ್ತಿತ್ತು. "ವಾಸಣ್ಣ, ನಿಮ್ಮ ಬಟ್ಟಲು ತೊಳೆಯುವಷ್ಟರಲ್ಲಿ ನನ್ನ ವೀಸಾ ಮುಗೀತದೆ" ಎಂದು ಲಾರೆನ್ಸ್ ಗೊಣಗುತ್ತಿದ್ದ. ಅವರು ನಗುತ್ತಿದ್ದರು. "ಅವಸರ ಎಂತಕ್ಕೆ ಮಾರಾಯ, ಊಟ ಎಲ್ಲಿಗಾದ್ರೂ ಓಡಿ ಹೋಗ್ತದಾ?"

ಅವರು ಇಂಜಿನಿಯರಿಂಗ್ ಓದಿದ್ದು ರಷ್ಯದಲ್ಲಿ ಎಂದು ನಾವು ಎಲ್ಲರಿಗೂ ಹೇಳುತ್ತಿದ್ದೆವು. "ರಷ್ಯ ಅಲ್ಲ, ಉಕ್ರೇನ್" ಎಂದು ಅವರು ಪ್ರತಿ ಸಲವೂ ತಿದ್ದುತ್ತಿದ್ದರು. ಎರಡೂ ಒಂದೇ ಅಲ್ವಾ ಎಂದು ನಮ್ಮ ವಾದ. ಇಲ್ಲಿ ಯಾರಾದರೂ ನಮ್ಮನ್ನು "ಮಲಬಾರಿ" ಎಂದು ಕರೆದರೆ ನಮಗೆ ಎಷ್ಟು ಉರಿಯುತ್ತಿತ್ತು ಎಂಬುದು ಆ ಹೊತ್ತಿಗೆ ನೆನಪಾಗುತ್ತಿರಲಿಲ್ಲ. ಓದುವಾಗಲೇ ಅಲ್ಲಿಯ ಹನ್ನಾ ಎಂಬವಳನ್ನು ಮದುವೆಯಾಗಿದ್ದರು. ಹನ್ನಾಳಿಗೆ ನೂಲಿನ ಗಿರಣಿಯಲ್ಲಿ ಪಾಳಿ ಕೆಲಸ. ಓದು ಮುಗಿದ ಮೇಲೆ ಇವರು ಅಲ್ಲಿ ಉಳಿಯುವಂತಿರಲಿಲ್ಲ. ಹೊರಗೆ ಬರಲು ಆಕೆಗೆ ಬೇಕಾದ ಕಾಗದಪತ್ರ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆಯುತ್ತಲೇ ಇತ್ತು. ಈ ವರ್ಷ ಆಗುತ್ತದೆ, ಬರುವ ವರ್ಷ ಆಗುತ್ತದೆ ಎನ್ನುತ್ತಾ ಒಂದು ಹೆಣ್ಣು ಮಗುವೂ ಆಯಿತು. ರಜೆ ಸಿಕ್ಕಾಗ ನಾವು ಊರಿಗೆ ಹೋದರೆ ವಾಸಣ್ಣ ಉಕ್ರೇನಿಗೆ ಹೋಗುತ್ತಿದ್ದರು.

ಹೋಗಿ ಬಂದವರು ಚಳಿಯ ಬಗ್ಗೆ ಹೇಳುತ್ತಿರಲಿಲ್ಲ, ಹಿಮದ ಬಗ್ಗೆ ಹೇಳುತ್ತಿರಲಿಲ್ಲ. ಹೇಳುತ್ತಿದ್ದದ್ದು ಹೊಲುಬ್ಸಿಯ ಬಗ್ಗೆ. ಬಿಸಿನೀರಿನಲ್ಲಿ ಮೆತ್ತಗೆ ಮಾಡಿದ ಕೋಸಿನ ಎಲೆ. ಅದರೊಳಗೆ ಅಕ್ಕಿ, ಕೀಮಾ ಇಟ್ಟು ಬೆರಳಿನ ಉದ್ದಕ್ಕೆ ಸುರುಳಿ ಸುತ್ತಿ, ಪಾತ್ರೆಯಲ್ಲಿ ಸಾಲಾಗಿ ಜೋಡಿಸಿ, ಟೊಮೆಟೊ ರಸದಲ್ಲಿ ಬೇಯಿಸುವುದು. ತಿನ್ನುವಾಗ ಮೇಲೆ ಹುಳಿಕೆನೆ. "ಹನ್ನಾ ಸುತ್ತಿದರೆ ಒಂದಾದ್ರೂ ಬಿಚ್ಚಿಕೊಳ್ಳುದಿಲ್ಲ" ಎಂದು ಗಾಳಿಯಲ್ಲೇ ಸುತ್ತಿ ತೋರಿಸುತ್ತಿದ್ದರು. "ಅಯ್ಯೋ, ಕೆಸುವಿನೆಲೆ ಬದಲು ಕೋಸಿನೆಲೆ, ನಮ್ಮ ಪತ್ರೊಡೆಯೇ ಅಲ್ವಾ ಇದು!" ಎಂದು ನಾನು ಪ್ರತಿ ಸಲವೂ ಹೇಳುತ್ತಿದ್ದೆ. ಅವರು ಅಲ್ಲ ಎನ್ನುತ್ತಿರಲಿಲ್ಲ.

ಒಂದು ವರ್ಷ ಹನ್ನಾ ಕಾಯಿಲೆ ಬಿದ್ದು ತೀರಿಹೋದಳು. ವಾಸಣ್ಣ ಹೋಗಿ, ಮಗಳನ್ನು ಅಜ್ಜಿಯ ಹತ್ತಿರ ಬಿಟ್ಟು ಬಂದರು. ಬಂದ ಮೇಲೆ ಅವರ ಊಟ ಇನ್ನೂ ನಿಧಾನವಾಯಿತು, ಲಾರೆನ್ಸ್ ಗೊಣಗುವುದನ್ನು ಬಿಟ್ಟ. ತೊಂಬತ್ತರ ದಶಕ ಶುರುವಾಗಿ, ಆ ದೊಡ್ಡ ದೇಶ ಒಡೆದು ಹಂಚಿಹೋದ ಮೇಲೆ ಅಜ್ಜಿಯೂ ಹೋದರು. ಹನ್ನಾಳ ಅಕ್ಕ ಮಗುವನ್ನು ಸಾಕಲು ತಯಾರಿದ್ದಳು. ಇವರು ಬಿಡಲಿಲ್ಲ. ವೀಸಾಕ್ಕೆ ಜಾಮೀನು ನಿಲ್ಲುವ ಕಫೀಲನ ಕಾಲು ಹಿಡಿಯುವುದೊಂದು ಬಾಕಿ, ಅಂತೂ ವೀಸಾ ಮಾಡಿಸಿ, ನಮ್ಮದೇ ಕಟ್ಟಡದ ಮೇಲಿನ ಮಹಡಿಯಲ್ಲಿ ಒಂದು ಸಣ್ಣ ಮನೆ ಹಿಡಿದು, ಹೋಗಿ ಮಗಳನ್ನು ಕರೆತಂದರು.

ಒಕ್ಸಾನಾಳಿಗೆ ಆಗ ಎಂಟು ವರ್ಷವಿರಬಹುದು. ಕಪ್ಪು ಕಣ್ಣು ಅಪ್ಪನದ್ದು, ಉಳಿದದ್ದೆಲ್ಲ ಬಿಳಿ. ರಜೆಗೆ ಬಂದು ಹೋಗುತ್ತಿದ್ದ ಮನುಷ್ಯನ ಜೊತೆ ಬಂದು ಬಿಟ್ಟಿದ್ದಳು, ಅಷ್ಟೆ. ಆಕೆಯ ಭಾಷೆ ವಾಸಣ್ಣನಿಗೆ ನೀರು ಕುಡಿದಷ್ಟು ಸಲೀಸು. ಆದರೆ ಆಡಲು ಆಕೆ ಬಾಯಿ ಬಿಡಬೇಕಲ್ಲ? ಅವರನ್ನು ಪಪ್ಪ ಎಂದು ಕರೆಯುತ್ತಿರಲಿಲ್ಲ, ಏನೆಂದೂ ಕರೆಯುತ್ತಿರಲಿಲ್ಲ. ಸಕ್ಕರೆ ಹಾಕಿದ ಚಹಾ, ಒಂದು ತುಂಡು ಖುಬ್ಜ್ ರೊಟ್ಟಿ. ಅದನ್ನೂ ಯಾರಾದರೂ ನೋಡುತ್ತಿದ್ದರೆ ಮುಟ್ಟುತ್ತಿರಲಿಲ್ಲ. ಲಾರೆನ್ಸ್ ಹೋಟೆಲಿನಿಂದ ಕೇಕು ತಂದ, ಕೋಳಿ ತಂದ. ನಾನು ನೀರುದೋಸೆ ಮಾಡಿ ಅದರ ಗುಣಗಾನ ಮಾಡಿದೆ. ಆಕೆ ಗೋಡೆ ನೋಡಿದಳು. ಮಗು ಕಣ್ಣೆದುರೇ ಸೊರಗುತ್ತಿತ್ತು.

ಒಂದು ಸಂಜೆ ಕಡಲ ದಂಡೆಯ ರಸ್ತೆ ಕಾರ್ನಿಷಿನ ಕಟ್ಟೆಯ ಮೇಲೆ ಕೂತಿದ್ದಾಗ ವಾಸಣ್ಣ ಮೆಲ್ಲಗೆ ಹೇಳಿದರು. "ಹನ್ನಾಳ ಅಕ್ಕನಿಗೆ ಮಾತು ಕೊಟ್ಟು ಬಂದಿದ್ದೇನೆ. ಒಂದು ತಿಂಗಳು ನೋಡು, ಮಗು ಹೊಂದಿಕೊಳ್ಳದಿದ್ರೆ ತಂದು ಬಿಡು, ಮಗು ಸೂಟ್‌ಕೇಸ್ ಅಲ್ಲ ಅಂತ ಹೇಳಿದ್ಲು. ಸರಿ ಅಂದೆ. ಈಗ ತಿಂಗಳು ಆಗ್ತಾ ಬಂತು."

"ಕಳಿಸ್ತೀರಾ?" ಎಂದೆ.

"ಉಪವಾಸ ಕೆಡವಿ ಇಟ್ಟುಕೊಳ್ಳುದಾ? ಕಳಿಸಿದ್ರೆ ಮತ್ತೆ ಬರುದಿಲ್ಲ, ಅದು ನನಗೆ ಗೊತ್ತುಂಟು." ಅಷ್ಟು ಹೇಳಿ ಬಂದರಿನ ಹಡಗು ನೋಡುತ್ತಾ ಕೂತರು. ಸಂಕಟವಾದಾಗ ನಾನು ಸುಮ್ಮನಿರುವ ಜಾತಿಯಲ್ಲ. "ಹೊಲುಬ್ಸಿ ಮಾಡುವ ವಾಸಣ್ಣ! ಶುಕ್ರವಾರ ರಜೆ ಉಂಟಲ್ಲ? ಪತ್ರೊಡೆ ಸುತ್ತಿದ ಕೈ ನಂದು, ಕೋಸು ಯಾವ ಲೆಕ್ಕ!" ಎಂದುಬಿಟ್ಟೆ.

ಪತ್ರೊಡೆ ಸುತ್ತಿದ್ದು ನನ್ನ ಅಮ್ಮ. ನಾನು ತಿಂದವನು. ಈ ಸಣ್ಣ ವ್ಯತ್ಯಾಸ ಶುಕ್ರವಾರ ಬೆಳಿಗ್ಗೆ ಮೇಲಿನ ಮನೆಯ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು. ಎಲೆ ಬಿಡಿಸಲು ಹೋದ ಲಾರೆನ್ಸ್ ಅರ್ಧ ಕೋಸನ್ನು ಹರಿದು ಹಾಕಿದ. ಅಕ್ಕಿಯ ವಿಷಯ ಬಂದಾಗ ನಾನು ಪಟ್ಟು ಹಿಡಿದೆ: ಆ ಬಾಸ್ಮತಿ ಗೀಸ್ಮತಿ ಬೇಡ, ಊರಿಂದ ಬಂದ ಕುಚ್ಚಲಕ್ಕಿ ಉಂಟು, ಅದಕ್ಕೆ ರುಚಿ ಹೆಚ್ಚು. ಪತ್ರೊಡೆಗೆ ನೆನೆಸಿದ ಹಾಗೆ ನೆನೆಸಿ, ಹಸಿಯಾಗಿಯೇ ಕೀಮಾಕ್ಕೆ ಕಲಸಿದೆ. ಪತ್ರೊಡೆಗೆ ಅಕ್ಕಿಯನ್ನು ರುಬ್ಬುತ್ತಾರೆ, ಇಲ್ಲಿ ಇಡಿಯಾಗಿ ಹಾಕಿದ್ದೇನೆ ಎಂಬುದು ತಲೆಗೆ ಹೋಗಲಿಲ್ಲ. ಕರಾವಳಿಯ ಗಂಡಸರು ಮಾತ್ರ ಮಾಡಬಹುದಾದ ತಪ್ಪು ಇದು. ವಾಸಣ್ಣ ಒಂದೊಂದೇ ಸುರುಳಿಯನ್ನು ಉಸಿರು ಬಿಗಿಹಿಡಿದು ಸುತ್ತಿ, ದಾರ ಕಟ್ಟಿ, ಪಾತ್ರೆಯಲ್ಲಿ ಮಲಗಿಸಿದರು.

ಅರ್ಧ ಗಂಟೆಯಾಯಿತು, ಅಕ್ಕಿ ಕಲ್ಲು. ಒಂದು ಗಂಟೆಯಾಯಿತು, ಕಲ್ಲೇ. ನೀರು ಹಾಕಿದೆವು, ಮತ್ತೆ ಹಾಕಿದೆವು. ಜುಮಾ ನಮಾಜು ಮುಗಿದು ಜನ ಮನೆಗೆ ಹೋದರು. ಕುಚ್ಚಲಕ್ಕಿ ನಿಮಗೆ ಗೊತ್ತಲ್ಲ, ಅರಳಲು ಮನಸ್ಸು ಮಾಡಿದ ಮೇಲೆ ಅದನ್ನು ತಡೆಯುವವರಿಲ್ಲ. ಮುಚ್ಚಳ ತೆಗೆದಾಗ ಸುರುಳಿಗಳು ಹೊಟ್ಟೆ ಒಡೆದುಕೊಂಡಿದ್ದವು. ಎಲೆ ಚೂರುಚೂರು, ಅಕ್ಕಿ, ಕೀಮಾ, ಟೊಮೆಟೊ ಎಲ್ಲ ಒಂದೇ ಮುದ್ದೆ, ನಡುವೆ ಅಲ್ಲಲ್ಲಿ ದಾರ. ವಾಸಣ್ಣ ಸೌಟು ಹಿಡಿದು ನಿಂತೇ ಇದ್ದರು. "ಖಲಾಸ್" ಎಂದರು. ಪಾತ್ರೆಯ ಬಗ್ಗೆ ಮಾತ್ರ ಹೇಳಿದ ಮಾತಲ್ಲ ಅದು. ನನಗೆ ಭೂಮಿ ಬಾಯಿ ಬಿಟ್ಟರೆ ಸಾಕಿತ್ತು.

ಆಗ ಒಕ್ಸಾನಾ ಬಾಗಿಲಿಗೆ ಬಂದಿದ್ದಳು. ಯಾರೂ ಕರೆದಿರಲಿಲ್ಲ. ತುದಿಗಾಲಲ್ಲಿ ನಿಂತು ಪಾತ್ರೆಯೊಳಗೆ ನೋಡಿದಳು. ಮೂಗು ಹತ್ತಿರ ತಂದಳು. ಮೆಲ್ಲಗೆ ಏನೋ ಹೇಳಿದಳು. ವಾಸಣ್ಣ ಏನೋ ಕೇಳಿದರು, ಆಕೆ ಮತ್ತೆ ಹೇಳಿದಳು, ಈ ಸಲ ಸ್ವಲ್ಪ ಉದ್ದಕ್ಕೆ. ಅವರ ಮುಖ ಬಿಳುಚಿಹೋಯಿತು.

"ಎಂತ ಹೇಳಿದ್ಲು?" ಎಂದ ಲಾರೆನ್ಸ್.

"ಇದು ಸೋಮಾರಿ ಹೊಲುಬ್ಸಿಯಂತೆ. ಅಮ್ಮ ಕೆಲಸದಿಂದ ಬಂದು ಹೀಗೇ ಮಾಡ್ತಿದ್ಲಂತೆ. ಸುತ್ತುದಿಲ್ಲ, ಎಲ್ಲ ಹೆಚ್ಚಿ ಒಂದೇ ಪಾತ್ರೆಗೆ ಹಾಕುದು." ಸೌಟು ಕೆಳಗಿಟ್ಟು, "ನಿಮಗೆ ಹೇಗೆ ಗೊತ್ತಾಯ್ತು ಅಂತ ಕೇಳ್ತಿದ್ದಾಳೆ" ಎಂದರು.

ಅವರು ಸ್ಟೀಲ್ ಬಟ್ಟಲಿಗೆ ಬಡಿಸಿ, ಮೇಲೆ ಒಂದು ಚಮಚ ದಪ್ಪ ಮೊಸರು ಹಾಕಿ, ದಾರ ಹೆಕ್ಕಿ ತೆಗೆದು, ಚಮಚ ಇಟ್ಟರು. ಆಕೆ ಮುಟ್ಟಲಿಲ್ಲ, ನಮ್ಮನ್ನು ನೋಡಿದಳು. "ಹೊರಗೆ ಬನ್ನಿ" ಎಂದು ಪಿಸುಗುಟ್ಟಿ ವಾಸಣ್ಣ ನಮ್ಮಿಬ್ಬರನ್ನೂ ಹೊರಗೆ ತಳ್ಳಿ, ತಾವೂ ಬಂದು ಬಾಗಿಲು ಎಳೆದುಕೊಂಡರು. ಬಾಗಿಲಿಗೆ ಕಿವಿಯಿಟ್ಟು ನಿಂತರು. ಲಾರೆನ್ಸ್ ಕೆಮ್ಮಲು ಹೋದರೆ ಕೈಯೆತ್ತಿ ತಡೆದರು. ತುಂಬ ಹೊತ್ತು ಏನೂ ಇಲ್ಲ. ಆಮೇಲೆ ಬಟ್ಟಲಿಗೆ ಚಮಚ ತಾಗಿದ ಸದ್ದು ಬಂತು. ಸ್ವಲ್ಪ ಬಿಟ್ಟು ಇನ್ನೊಂದು. ಇಂಜಿನಿಯರ್ ವಾಸಣ್ಣ ಬಾಗಿಲಿಗೆ ಹಣೆ ಒರಗಿಸಿ ಸದ್ದಿಲ್ಲದೆ ಅಳುತ್ತಿದ್ದರು. ನಾವೂ ಅತ್ತೆವು, ನಾಚಿಕೆ ಎಂತಕ್ಕೆ?

ಆ ಸಂಜೆ ಕಾರ್ನಿಷಿನಲ್ಲಿ ಅವರು ಹೇಳಿದ ಮಾತು ನನಗೆ ಇವತ್ತಿಗೂ ಬಿಟ್ಟುಹೋಗಿಲ್ಲ. "ನಾನು ಹೋದ ದಿನವೆಲ್ಲ ಅವರಿಗೆ ಹಬ್ಬ ಮಾರಾಯ. ಹಾಗಾಗಿ ಅವಳು ಸುತ್ತುತ್ತಿದ್ಲು. ನನಗೆ ಅವಳ ಹಬ್ಬದ ಅಡುಗೆ ಮಾತ್ರ ಗೊತ್ತುಂಟು. ದಣಿದು ಬಂದು, ಹೆಚ್ಚಿ ಬೇಯಿಸಿ, ಮಗುವಿಗೆ ಬಡಿಸಿದ್ದನ್ನು ನಾನು ಒಂದು ದಿನವೂ ನೋಡಲಿಲ್ಲ."

ಒಕ್ಸಾನಾ ವಾಪಸು ಹೋಗಲಿಲ್ಲ. ಪಪ್ಪ ಎಂದು ಕರೆಯಲು ಇನ್ನೂ ಕೆಲವು ಶುಕ್ರವಾರಗಳು ಹಿಡಿದವು, ಪ್ರತಿ ಶುಕ್ರವಾರವೂ ಅದೇ ಅಡುಗೆ. ಈ ಸಲ ಬೇಕೆಂದೇ ಮಾಡಿದ್ದು. ಕುಚ್ಚಲಕ್ಕಿಯನ್ನು ಮೊದಲೇ ಮುಕ್ಕಾಲು ಬೇಯಿಸಿಡಿ. ಈರುಳ್ಳಿ, ಕ್ಯಾರೆಟ್, ಕೀಮಾ ಹುರಿದು, ಹೆಚ್ಚಿದ ಕೋಸು ಹಾಕಿ ಬಾಡಿಸಿ, ಅಕ್ಕಿ, ಟೊಮೆಟೊ, ಉಪ್ಪು ಸೇರಿಸಿ ಮುಚ್ಚಿಡಿ, ಮರೆತುಬಿಡಿ. ಲಾರೆನ್ಸ್ ಯಾರಿಗೂ ಹೇಳದೆ ಒಂದು ಚಮಚ ಮಂಗಳೂರಿನ ಬಾಫತ್ ಮಸಾಲೆ ಪುಡಿ ಹಾಕುತ್ತಿದ್ದ. ಅದಿಲ್ಲದೆ ಮಾಡಿದ ದಿನ ಹುಡುಗಿಯೇ "ಇವತ್ತು ಏನೋ ಕಮ್ಮಿ" ಎಂದು ಕಂಡುಹಿಡಿದಳು. ಇಂಡಿಯನ್ ಸ್ಕೂಲಿಗೆ ಹೋದಳು, ನಾವು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿದಳು, ಆಮೇಲಾಮೇಲೆ ಕನ್ನಡದಲ್ಲೇ ಉತ್ತರಿಸತೊಡಗಿದಳು. ಈಗ ಇಲ್ಲೇ ಶಾಲೆಯೊಂದರಲ್ಲಿ ಪಾಠ ಹೇಳುತ್ತಾಳೆ. ಲಾರೆನ್ಸ್ ಬುರೈಮಿಗೆ ಹೋಗಿ ಅಂಗಡಿ ಇಟ್ಟ. ನಾನು "ಬರುವ ವರ್ಷ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ" ಎಂದು ಹೇಳುತ್ತಾ ಮುದುಕನಾದೆ. ವಾಸಣ್ಣ ಕೊನೆಯವರೆಗೂ ಮಗಳ ಜೊತೆಗೇ ಇದ್ದರು, ಹೋದ ವರ್ಷ ಇದೇ ದಿನ ಹೋದರು.

ಊರಿನ ಕಾರ್ಯಗಳೆಲ್ಲ ಊರಿನಲ್ಲಿ ಮುಗಿದಿದ್ದವು. ಆದರೂ ಅವರು ಬದುಕಿದ ಮನೆಯಲ್ಲಿ ಒಂದು ಎಲೆ ಬಡಿಸಬೇಕು ಎಂದವಳು ಸರೋಜ. ನಮ್ಮಲ್ಲಿ ಹೋದವರಿಗೆ ಇಷ್ಟವಾದದ್ದನ್ನು ಬಾಳೆಲೆಗೆ ಬಡಿಸಿ, ದೀಪ ಹಚ್ಚಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ನಾವು ನೋಡುತ್ತಿದ್ದರೆ ಅವರು ಬಂದು ಉಣ್ಣುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. "ಏನು ಬಡಿಸುವ?" ಎಂದು ಕೇಳಿದರೆ ಒಕ್ಸಾನಾ ಯೋಚಿಸಲೇ ಇಲ್ಲ. "ಎಲೆಗೆ ಕ್ಯಾಬೇಜಾ?" ಎಂದು ಸರೋಜ ಒಂದು ಸಲ ಕೇಳಿ, ಬಾಳೆಲೆ ತರಲು ಹೊರಟಳು.

ಕೋಸು ಹೆಚ್ಚುತ್ತಾ ನಾನು ಆ ಶುಕ್ರವಾರದ ಕತೆ ಎತ್ತಿದೆ. ಒಡೆದ ಸುರುಳಿಯದ್ದು ಆಕೆಗೆ ನೆನಪಿತ್ತು, ದಾರವೂ ನೆನಪಿತ್ತು. ಬಾಗಿಲ ಹೊರಗೆ ಅಪ್ಪ ಚಮಚದ ಸದ್ದಿಗೆ ಕಿವಿಕೊಟ್ಟು ನಿಂತಿದ್ದರೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು. ಆಕೆ ಚಾಕು ಕೆಳಗಿಟ್ಟು, ನಲ್ಲಿ ತಿರುಗಿಸಿ ಮುಖ ತೊಳೆದುಕೊಂಡಳು.

ವಾಸಣ್ಣನ ಕೋಣೆಯಲ್ಲಿ ಎಲೆ ಹಾಕಿದೆವು. ನಾನು ಬಡಿಸಿದೆ, ಸರೋಜ ನೀರಿಟ್ಟು ದೀಪ ಹಚ್ಚಿದಳು. ಕೊನೆಗೆ ಒಕ್ಸಾನಾ ಅಡುಗೆಮನೆಗೆ ಹೋಗಿ ಒಂದು ಸ್ಟೀಲ್ ಚಮಚ ತಂದು ಎಲೆಯ ಪಕ್ಕದಲ್ಲಿಟ್ಟಳು. ಹೋದವರಿಗೆ ಚಮಚ ಎಂತಕ್ಕೆ ಎಂದು ಸರೋಜಳ ಕಣ್ಣು ನನ್ನನ್ನು ಕೇಳಿತು. ನಾನು ತಲೆಯಾಡಿಸಿದೆ, ಇರಲಿ ಎಂದು.

ಬಾಗಿಲು ಎಳೆದುಕೊಂಡು ಹೊರಗೆ ನಿಂತೆವು. ಒಕ್ಸಾನಾ ಬಾಗಿಲಿಗೆ ಕಿವಿಯಿಟ್ಟಳು, ಹಣೆಯನ್ನೂ ಒರಗಿಸಿದಳು. ಹೊತ್ತು ಹೋಯಿತು. ಇನ್ನು ಸಾಕು ಎಂದು ಸರೋಜ ತಟ್ಟಲು ಕೈಯೆತ್ತಿದಳು. ಒಕ್ಸಾನಾ ಆ ಕೈಯನ್ನು ಮೆಲ್ಲಗೆ ಹಿಡಿದಳು.

"ಸ್ವಲ್ಪ ನಿಲ್ಲಿ ಆಂಟಿ," ಎಂದಳು. "ಪಪ್ಪನ ಊಟ ನಿಧಾನ ಅಲ್ವಾ."

ಸರೋಜ ಕೈ ಕೆಳಗಿಳಿಸಿದಳು. ನಾವು ಕಾದೆವು.