ತಳಿಯ ಕ್ಯಾಬಿನ್ನಿಗೆ ನಾನು ಆಯ್ದುಕೊಂಡ ಒಲೆ

2006ನೇ ಇಸವಿಯ ಡಿಸೆಂಬರ್ ತಿಂಗಳು. ಆಗ ಹೊಸೂರಿನ ಪಕ್ಕ, ಗಡಿಯ ಜೂಜುವಾಡಿಯಲ್ಲಿ, ಹೆದ್ದಾರಿಯಿಂದ ಒಳಗೆ ಎರಡನೇ ಬೀದಿಯಲ್ಲಿ, ನನ್ನದೊಂದು ತಗಡಿನ ಶೆಡ್ಡಿತ್ತು. ಅಲ್ಲಿ ಒಲೆ ಮಾಡುತ್ತಿದ್ದೆ. ಹೋಟೆಲಿನ ದೊಡ್ಡ ಸೌದೆ ಒಲೆ, ಕಲ್ಯಾಣ ಮಂಟಪದ ಒಲೆ, ಹಳ್ಳಿ ಮನೆಗಳಿಗೆ ಹೊಗೆ ಕೊಳವೆ ಇಟ್ಟ ಮಣ್ಣಿನ ಒಲೆ, ಯಾರು ಏನು ಕೇಳಿದರೂ ಮಾಡಿ ಕೊಡುತ್ತಿದ್ದೆ. ನಾನು ಓದಿದ್ದು ಮೂರನೇ ಕ್ಲಾಸು. ಆದರೂ ಬೆಂಕಿಯ ವಿಷಯಕ್ಕೆ ಮಾತು ಬಂದರೆ, ಇಪ್ಪತ್ತೆಂಟು ವರ್ಷ ಇದರಲ್ಲೇ ಕೈ ಸುಟ್ಟುಕೊಂಡವನು ಎಂದು ಎಲ್ಲರಿಗಿಂತ ಮುಂದೆ ನಿಂತು ಮಾತಾಡುತ್ತಿದ್ದೆ.

ಆ ತಿಂಗಳು ನಾನು ತಾತನಾದೆ. ಮಗಳು ಮಂಜುಳೆಗೆ ಹೆಣ್ಣು ಮಗು. ಸುದ್ದಿ ಬಂದ ದಿನ ಶೆಡ್ಡಿಗೆ ಬಾಗಿಲು ಹಾಕಿ, ಚೆಕ್‌ಪೋಸ್ಟಿನ ಹತ್ತಿರ ನಿಂತಿದ್ದ ಲಾರಿ ಡ್ರೈವರುಗಳಿಗೆಲ್ಲ ಮೈಸೂರುಪಾಕು ಹಂಚಿದೆ. ಗುರುತಿಲ್ಲ, ಪರಿಚಯವಿಲ್ಲ, ಕಂಡವರ ಕೈಗೆಲ್ಲ ಇಟ್ಟೆ. ಒಬ್ಬ, "ಏನ್ ತಾತಾ, ನೀನೇ ಹೆತ್ತಂಗೆ ಆಡ್ತಿದ್ದೀಯಲ್ಲ" ಅಂದ. ಹೌದು ಕಣಪ್ಪ ಅಂದೆ. ಆ ಸಂತೋಷವನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಈಗ ಮೊಮ್ಮಗಳು ಬೆಳೆದು ನಿಂತಿದ್ದಾಳೆ, ಈಗಲೂ ಅವಳ ಹೆಸರು ಹೇಳುವಾಗ ಬಾಯಿ ತಾನಾಗಿ ಅಗಲವಾಗುತ್ತದೆ.

ಬಾಣಂತನ ತವರಿನಲ್ಲಿ ಆಗಬೇಕಿತ್ತು. ಆದರೆ ಮೂರು ವಾರ ಮುಂಚೆಯೇ ನೋವು ಬಂದು ಹೆರಿಗೆಯಾಗಿತ್ತು. ಮಗು ಚಿಕ್ಕದು, ಬಸ್ಸಿನಲ್ಲಿ ಕುಲುಕಿಸಿಕೊಂಡು ಹೋಗಬೇಡಿ ಎಂದು ಡಾಕ್ಟರಮ್ಮ ಹೇಳಿದರು. ಅಳಿಯ ರಮೇಶ ಹೊಸೂರಿನಾಚೆ ತಳಿ ಎಂಬ ಊರಿನ ಕಡೆ ಒಂದು ಗುಲಾಬಿ ತೋಟದಲ್ಲಿ ಸೂಪರ್‌ವೈಸರ್. ಇದ್ದದ್ದು ತೋಟದವರೇ ಕೊಟ್ಟ ಕ್ಯಾಬಿನ್ನಿನಲ್ಲಿ. ಹತ್ತಡಿಗೆ ಹನ್ನೆರಡಡಿ, ಹಾಲೋಬ್ಲಾಕ್ ಗೋಡೆ, ಮೇಲೆ ಸಿಮೆಂಟ್ ಶೀಟು, ಒಂದು ಬಾಗಿಲು, ಒಂದು ಕಿಟಕಿ, ಗೋಡೆಯ ತುದಿಯಲ್ಲೊಂದು ವೆಂಟಿಲೇಟರ್. ಸುತ್ತಲೂ ಪಾಲಿಹೌಸುಗಳು, ಅಂದರೆ ಬಿಳಿ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಹೂವಿನ ಮನೆಗಳು. ತಳಿಯ ಚಳಿ ಹೊಸೂರಿನ ಚಳಿಯಲ್ಲ. ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರಕ್ಕೇ ಮಂಜು ಇಳಿದು ಆ ಬಿಳಿ ಮನೆಗಳು ಒಂದೊಂದಾಗಿ ಕಾಣದೆ ಹೋಗುತ್ತವೆ. ಆಮೇಲೆ ಪ್ಲಾಸ್ಟಿಕ್ ಪಟಪಟ ಬಡಿಯುವ ಸದ್ದು ಮಾತ್ರ ಉಳಿಯುತ್ತದೆ.

ನನ್ನ ಹೆಂಡತಿ ಗೌರಮ್ಮ ಬಾಣಂತನಕ್ಕೆಂದು ಅಲ್ಲಿಗೇ ಹೋದಳು. ಕ್ಯಾಬಿನ್ನು ಬೆಚ್ಚಗಿರಲು ಒಲೆ ತರುವ ಕೆಲಸ ನನ್ನದಾಯಿತು.

ನನ್ನ ಮುಂದೆ ಮೂರು ದಾರಿ ಇದ್ದವು. ಕೊಳವೆ ಇಟ್ಟ ಮಣ್ಣಿನ ಒಲೆ ಕಟ್ಟಬಹುದಿತ್ತು, ಅದು ಒಣಗಲು ಎಂಟು ಹತ್ತು ದಿನ ಬೇಕು. ತಗಡಿನ ಸೌದೆ ಒಲೆ ಇಟ್ಟು ಪೈಪು ಹೊರಗೆ ಬಿಡಬಹುದಿತ್ತು, ಅದಕ್ಕೆ ಗೋಡೆ ಕೊರೆಯಬೇಕು, ತೋಟದ ಯಜಮಾನರನ್ನು ಕೇಳಬೇಕು. ಮೂರನೆಯದು ಇದ್ದಿಲೊಲೆ. ಕಬ್ಬಿಣದ್ದು, ಮೂರು ಕಾಲು, ಎತ್ತಿ ಇಡಬಹುದು. ಹೊತ್ತಿಸಿದ ಮೇಲೆ ಹೊಗೆ ಎಂಬುದೇ ಇಲ್ಲ. ಎಳೆ ಕಣ್ಣಿಗೆ ಹೊಗೆ ತಾಗಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಶೆಡ್ಡಿನಲ್ಲಿದ್ದ ಒಂದು ಇದ್ದಿಲೊಲೆಯನ್ನು ಉಜ್ಜಿ, ಬಣ್ಣ ಹೊಡೆದು, ಎರಡು ಮೂಟೆ ಇದ್ದಿಲಿನೊಂದಿಗೆ ಬಸ್ಸಿನ ಮೇಲೆ ಹಾಕಿಕೊಂಡು ಹೋದೆ.

ಮೊದಲ ಎರಡು ದಿನ ಸ್ವರ್ಗ. ಕ್ಯಾಬಿನ್ನು ಬೆಚ್ಚಗಾಯಿತು. ಮಗು ನಿದ್ದೆ ಮಾಡಿತು. ಹೂವು ಕಟ್ಟುವ ಶೆಡ್ಡಿನ ಸೆಲ್ವಿ ಎಂಬ ಹೆಂಗಸು ಬಂದು ನೋಡಿ, "ಪಾಪ್ಪಾ ರೊಂಬ ಸಮತ್ತು" ಅಂದಳು, ಬಹಳ ಜಾಣ ಮಗು, ರಗಳೆಯಿಲ್ಲ ಎಂದು. ನಾನು ಬೀಗಿದೆ. "ನಮ್ಮ ವಂಶದಲ್ಲಿ ಇಷ್ಟು ಗಂಭೀರದವ್ರು ಯಾರೂ ಇರ್ನಿಲ್ಲ" ಅಂದೆ. ಗೌರಮ್ಮ, "ನಿಮ್ಮ ವಂಶದಲ್ಲಿ ಬಾಯಿ ಮುಚ್ಚಿದವ್ರೇ ಇರ್ನಿಲ್ಲ, ಮಗ ನನ್ನ ಕಡೆ ಹೋಗೈತೆ" ಅಂದಳು. ಎಲ್ಲರೂ ನಕ್ಕೆವು.

ನಾನು ಜೂಜುವಾಡಿಗೆ ಹಿಂತಿರುಗಿದೆ. ಐದನೆಯ ದಿನ ಅಳಿಯ ಫೋನು ಮಾಡಿದ. "ಮಾವ, ನೀವು ಬಂದ್ಬುಡಿ. ಮಂಜುಳ ಯಾರ್ನೋ ನೋಡ್ತಾವ್ಳೆ."

ಹೋಗಿ ನೋಡಿದರೆ ಮಗಳ ಮುಖ ಊದಿಕೊಂಡಿತ್ತು. ತಲೆನೋವು, ವಾಂತಿ, ಎದ್ದರೆ ಕಾಲು ನಡುಗುತ್ತದೆ ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ಅಪ್ಪಾ, ಮಂಜು ಬಿದ್ದು ಬಾಗ್ಲು ಹಾಕಿದ್ಮೇಲೆ ಒಬ್ಳು ಮುದ್ಕಿ ಬತ್ತಾಳೆ. ಬೂದಿ ಬಣ್ಣದ ಸೀರೆ. ಜೋಲಿ ಪಕ್ಕ ಅತ್ಲಾಗೆ ಮುಖ ಮಾಡ್ಕೊಂಡು ಕೂತ್ಕೋತಾಳೆ. ಏನೂ ಮಾಡಲ್ಲ. ಸುಮ್ನೆ ಉಸ್ರು ಬಿಡ್ತಾಳೆ."

ಗೌರಮ್ಮನನ್ನು ಹೊರಗೆ ಕರೆದು ಕೇಳಿದೆ. ಯಾರಿಗೂ ಹೆದರದ ಹೆಂಗಸು ಅವಳು. ಸೆರಗು ಹಿಂಡಿಕೊಂಡು, "ನಾನು ಕಂಡಿಲ್ಲ, ಮಂಜುಳನಪ್ಪ. ಆದ್ರೆ ನಡೆಯೋ ಸದ್ದು ಕೇಳೀನಿ" ಅಂದಳು. ಆಮೇಲೆ ಇನ್ನೊಂದು ಮಾತು ಹೇಳಿದಳು. "ಅವ್ಳಿಗೂ ಚಳಿ ಕಣ. ನೀರು ಕಾಯ್ಸಕ್ಕೆ ಬೆಳಿಗ್ಗೆ ಒಲೆ ಆಚೆ ಇಟ್ಟಾಗ ಅವ್ಳು ಒಳಗೆ ಇರಲ್ಲ. ಒಲೆ ಒಳಗೆ ಬಂದ್ರೆ ಅವ್ಳೂ ಬತ್ತಾಳೆ. ಅದುಕ್ಕೆ ಒಲೆ ಮುಂದೆ ಒಂದು ಹಿಡಿ ಅನ್ನ ಇಡ್ತಾ ಇವ್ನಿ."

ನನ್ನ ಕಸುಬಿನ ಯಾವ ಹುಡುಗನಿಗೆ ಈ ಮಾತು ಹೇಳಿದ್ದರೂ ಅವನ ಕಿವಿ ನೆಟ್ಟಗಾಗಬೇಕಿತ್ತು. ನನಗೆ ಆಗಲಿಲ್ಲ. ಆ ಒಲೆ ನಾನು ಆಯ್ದುಕೊಂಡದ್ದು, ಅದರಲ್ಲಿ ತಪ್ಪಿರುವುದುಂಟೇ. ನಾನು ಮಾಡಿದ್ದು ಅದಕ್ಕಿಂತ ಕೆಟ್ಟ ಕೆಲಸ. ಮುದುಕಿ ನುಗ್ಗದಂತೆ ಬಾಗಿಲ ಕೆಳಗಿನ ಸಂದಿಗೆ ಗೋಣಿಚೀಲ ತುರುಕಿದೆ. ವೆಂಟಿಲೇಟರಿಗೆ ಗೌರಮ್ಮ ಮೊದಲೇ ಪೇಪರು ಅಂಟಿಸಿದ್ದಳು, ನಾನು ಅದರ ಮೇಲೆ ರಟ್ಟು ಹೊಡೆದೆ. ದಿಂಬಿನ ಕೆಳಗೆ ಕುಡುಗೋಲು, ಬಾಗಿಲಿಗೆ ಬೇವಿನ ಸೊಪ್ಪು. ನಾವು ಸಂದಿ ಮುಚ್ಚಿದಷ್ಟೂ ಅವಳು ಬೇಗ ಬಂದಳು. ಮೊದಲು ನಾಲ್ಕು ಗಂಟೆಗೆ ಬರುತ್ತಿದ್ದವಳು ಮಾರನೆಯ ದಿನ ಮೂರಕ್ಕೇ ಬಂದಳು ಎಂದು ಮಗಳು ಹೇಳಿದಳು.

ಅದರ ಮರುದಿನ ಆ ಮುದುಕಿಯನ್ನು ನಾನೇ ಕಣ್ಣಾರೆ ನೋಡುತ್ತೇನೆ ಎಂದು ಕ್ಯಾಬಿನ್ನಿನೊಳಗೆ ಕೂತೆ. ಮಂಜು ಆಗಲೇ ಇಳಿದಿತ್ತು. ಅಳಿಯ ತೋಟದಲ್ಲಿದ್ದ. ಮಗಳು ಮಂಚದ ಮೇಲೆ ಮಲಗಿದ್ದಳು, ಗೌರಮ್ಮ ಗೋಡೆಗೆ ಒರಗಿ ತೂಕಡಿಸುತ್ತಿದ್ದಳು, ಜೋಲಿಯಲ್ಲಿ ಮಗು. ಒಲೆಯಲ್ಲಿ ಕೆಂಡ ನಿಗಿನಿಗಿ ಇತ್ತು. ಹೊರಗೆ ಪ್ಲಾಸ್ಟಿಕ್ ಬಡಿಯುತ್ತಿತ್ತು. ಎಷ್ಟು ಹೊತ್ತಾಯಿತೋ, ಆ ಬಡಿತಕ್ಕೆ ಒಂದು ಲೆಕ್ಕ ಬಂತು, ಯಾರೋ ಕಾಲೆಳೆದು ನಡೆದ ಹಾಗೆ. ಹಣೆಯ ಮೇಲೆ ಯಾರೋ ಕೈ ಇಟ್ಟು ಒತ್ತಿದ ಹಾಗಾಯಿತು.

ಮಂಚದ ಕಾಲಿನ ಹತ್ತಿರ ಬೂದಿ ಬಣ್ಣದ ಸೀರೆ ಕಂಡಿತು. ಬೆನ್ನು ನನ್ನ ಕಡೆಗಿತ್ತು. ದನಿ ಮಾತ್ರ ಸತ್ತು ಹೋದ ನಮ್ಮವ್ವನದು. "ಚಳಿ ಕಣ್ಲಾ ಮಗಾ, ಇನ್ನೊಂದೀಟು ಇದ್ದಿಲು ಹಾಕ್ಲಾ."

ನಾನು ಹಾಕಿದೆ. ಹೇಳಿದ ಮಾತು ಕೇಳಿ ನನ್ನ ಕೈಯಿಂದಲೇ ಮೂರು ಹಿಡಿ ಇದ್ದಿಲು ಹಾಕಿದೆ. 

ಹೊಸ ಇದ್ದಿಲಿನ ಮೇಲೆ ಸಣ್ಣ ಉರಿ ಎದ್ದಿತು. ನೀಲಿ ಉರಿ. ತೆಳ್ಳಗೆ, ಚಂದವಾಗಿ, ಕೆಂಡದಿಂದ ಕೆಂಡಕ್ಕೆ ಹಾರುತ್ತಿತ್ತು. ಅದನ್ನು ನೋಡುತ್ತ ನೋಡುತ್ತ, ನನಗೆ ಕೆಲಸ ಕಲಿಸಿದ ಮೇಸ್ತ್ರಿ ನೆನಪಾದರು. ಕುಲುಮೆಯ ಮುಂದೆ ನಿಲ್ಲಿಸಿ ಅವರು ಹೇಳಿಕೊಟ್ಟ ಮೊದಲ ಪಾಠ ಅದು. ಇದ್ದಿಲ ಮೇಲೆ ನೀಲಿ ಉರಿ ಕಂಡರೆ ಅಲ್ಲಿ ವಿಷದ ಗಾಳಿ ಹುಟ್ಟುತ್ತಿದೆ ಎಂದು ತಿಳಿ, ಎಲ್ಲಕ್ಕೂ ಮೊದಲು ಬಾಗಿಲು ತೆಗಿ. ನಾನು ಜೀವಮಾನವೆಲ್ಲ ತೆರೆದ ಶೆಡ್ಡಿನಲ್ಲೇ ಕೆಲಸ ಮಾಡಿದವನು. ತೆಗೆಯಲು ಬಾಗಿಲೇ ಇರಲಿಲ್ಲ. ಪಾಠ ಮರೆತೇ ಹೋಗಿತ್ತು.

ಏಳಲು ನೋಡಿದೆ. ಕಾಲು ನನ್ನದಲ್ಲ. ಮೊಣಕೈ ಊರಿ ತೆವಳಿದೆ. ಬಾಗಿಲ ಕೆಳಗೆ ನಾನೇ ತುರುಕಿದ ಚೀಲ ಬಿಗಿಯಾಗಿ ಕೂತಿತ್ತು. ಹಲ್ಲಿನಲ್ಲಿ ಕಚ್ಚಿ ಎಳೆದೆ, ಭುಜ ಕೊಟ್ಟು ನೂಕಿದೆ. ಬಾಗಿಲು ತೆರೆದು ಮಂಜು ಒಳಗೆ ಬಂತು. "ರಮೇಶಾ" ಎಂದು ಕೂಗಿದ್ದು ಎರಡು ಸಲವೋ ಮೂರು ಸಲವೋ. ಮತ್ತೆ ಒಳಗೆ ಹೋಗಿ ಜೋಲಿಯಿಂದ ಮಗುವನ್ನು ಎತ್ತಿಕೊಂಡೆ. ಕೆನ್ನೆ ಕೆಂಪಗೆ, ಚಂದವಾಗಿತ್ತು. ಕೈಕಾಲು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದವು. ಅಷ್ಟು ದಿನ ನಾವು ಹೊಗಳಿದ ಆ ಮೌನ ಏನೆಂದು ನನಗೆ ಆಗ ಗೊತ್ತಾಯಿತು.

ಸೆಲ್ವಿ ಮತ್ತು ಹೂವಿನ ಶೆಡ್ಡಿನ ಹೆಂಗಸರು ಮಂಜಿನೊಳಗಿಂದ ಓಡಿ ಬಂದು ಮಗಳನ್ನೂ ಗೌರಮ್ಮನನ್ನೂ ಹೊರಗೆ ಎಳೆದರು. ರಮೇಶ ಓಡಿಸಿ ತಂದ ತೋಟದ ಜೀಪಿನ ಹಿಂಬದಿಯಲ್ಲಿ ಎಲ್ಲರನ್ನೂ ಹಾಕಿಕೊಂಡು ಸರ್ಕಾರಿ ಆಸ್ಪತ್ರೆಗೆ ಹೊರಟೆವು. ದಾರಿಯಲ್ಲಿ ಗೌರಮ್ಮನಿಗೆ ಅರ್ಧ ಎಚ್ಚರವಾಯಿತು. ಮಗುವಿನ ಮುಖಕ್ಕೆ ಸೆರಗು ಹೊದಿಸಲು ಬಂದಳು.

"ಮುಚ್ಚಬ್ಯಾಡ" ಅಂದೆ.

"ಹಸಿ ಮಗ ಕಣ, ಈ ತಂಡೀಲಿ ಸತ್ತೋಯ್ತದೆ."

"ಮುಚ್ಚಿದ್ರೆ ಸಾಯ್ತದೆ ಕಣೆ. ಬಿಡು."

ಅವಳು ನನ್ನ ಮುಖ ನೋಡಿದಳು. ಕೈ ಹಿಂದಕ್ಕೆ ತೆಗೆದುಕೊಂಡಳು. ಮಗುವನ್ನು ಎದೆಗೆ ಅವುಚಿ, ಮೈ ಬೆಚ್ಚಗಿಟ್ಟು, ಮುಖ ಮಾತ್ರ ಗಾಳಿಗೆ ಬಿಟ್ಟು ಕೂತೆ. ಒಂದು ತಿರುವಿನಲ್ಲಿ ಜೀಪು ಎತ್ತಿ ಹಾಕಿತು. ಮಗು ಬಾಯಿ ತೆರೆಯಿತು, ಸದ್ದಿಲ್ಲ. ಮುಂದಿನ ತಿರುವಿಗೆ ಅತ್ತಿತು. ಆಮೇಲೆ ಆಸ್ಪತ್ರೆ ಬರುವವರೆಗೂ ಒಂದೇ ಸಮನೆ ಅತ್ತಿತು. ಮಗಳು ಅಳುತ್ತಿದ್ದಳು, ಗೌರಮ್ಮ ಅಳುತ್ತಿದ್ದಳು, ನಾನೊಬ್ಬ ಹುಚ್ಚನ ಹಾಗೆ ನಗುತ್ತಿದ್ದೆ. ಮೈಸೂರುಪಾಕು ಹಂಚಿದ ದಿನ ನಾನು ತಾತನಾದೆ ಅಂದುಕೊಂಡಿದ್ದೆ. ನಿಜವಾಗಿ ಆದದ್ದು ಆ ಜೀಪಿನಲ್ಲಿ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಆಕ್ಸಿಜನ್ ಹಾಕಿದರು. ಅದು ಕಾರ್ಬನ್ ಮಾನಾಕ್ಸೈಡ್ ಎಂದು ಡಾಕ್ಟರು ಬಿಡಿಸಿ ಹೇಳಿದರು. ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದು ಕೂರುತ್ತದೆ. ತಲೆನೋವು, ವಾಂತಿ ಬರುತ್ತದೆ, ಇಲ್ಲದ ಸದ್ದು ಕೇಳುತ್ತದೆ, ಇಲ್ಲದವರು ಕಾಣುತ್ತಾರೆ. ನಾನು ಒಪ್ಪಿದೆ. ಮಗಳು ಹೇಳಿದ ಬೂದಿ ಸೀರೆ ನನಗೂ ಹೇಗೆ ಕಂಡಿತು ಎಂದು ಕೇಳಿದೆ. ಅವಳು ಹೇಳಿದ್ದು ನಿಮ್ಮ ತಲೆಯಲ್ಲಿತ್ತಲ್ಲ ಅಂದರು. ಅದನ್ನೂ ಒಪ್ಪಿದೆ.

ಮಗಳು, ಮಗು ಆಸ್ಪತ್ರೆಯಲ್ಲಿದ್ದ ನಾಲ್ಕು ದಿನದಲ್ಲಿ ನಾನು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ. ತೋಟದ ಯಜಮಾನರನ್ನು ಕೇಳಿದೆ, ಒಂದೇ ಮಾತಿಗೆ ಗೋಡೆ ಕೊರೆಯಲು ಬಿಟ್ಟರು. ಮೂರು ಮಿಲಿಮೀಟರ್ ತಗಡಿನಲ್ಲಿ ಮುಚ್ಚಿದ ಬಾಯಿಯ ಸೌದೆ ಒಲೆ ಮಾಡಿದೆ. ನಾಲ್ಕಿಂಚಿನ ಹೊಗೆ ಪೈಪನ್ನು ಶೀಟಿಗಿಂತ ಎರಡಡಿ ಮೇಲಕ್ಕೆ ಏರಿಸಿ, ಮಳೆ ಬೀಳದಂತೆ ಟೋಪಿ ಹಾಕಿದೆ. ಬೆಂಕಿಗೆ ಬೇಕಾದ ಗಾಳಿ ಹೊರಗಿನಿಂದಲೇ ಬರುವಂತೆ ಗೋಡೆಯ ಬುಡದಲ್ಲಿ ಇನ್ನೊಂದು ಕೊಳವೆ ಇಟ್ಟೆ. ವೆಂಟಿಲೇಟರಿನ ರಟ್ಟು ಕಿತ್ತು ಬರಿಯ ಜಾಲರಿ ಹಾಕಿದೆ.

ಅವರು ಬರುವ ಹಿಂದಿನ ದಿನ, ಮಧ್ಯಾಹ್ನ, ಮಂಜು ಇಳಿಯುವ ಹೊತ್ತಿಗೆ ಒಲೆ ಹೊತ್ತಿಸಿದೆ. ಅಳಿಯನನ್ನು ಹೊರಗೆ ನಿಲ್ಲಿಸಿ, ಕಾಲು ಗಂಟೆಗೊಮ್ಮೆ ಬಾಗಿಲು ಬಡಿ, ನಾನು ಮಾತಾಡದಿದ್ದರೆ ಒಡೆದು ಬಾ ಎಂದು ಹೇಳಿ, ಬಾಗಿಲು ಹಾಕಿಕೊಂಡು ಅದೇ ಜಾಗದಲ್ಲಿ ಕೂತೆ. ಪ್ಲಾಸ್ಟಿಕ್ ಬಡಿಯಿತು. ಸೌದೆ ಚಟಪಟ ಅಂದಿತು. ಮಂಚದ ಕಾಲಿನ ಕಡೆಗೇ ನೋಡುತ್ತ ಕೂತೆ. ನಿಜ ಹೇಳಬೇಕೆಂದರೆ, ನಮ್ಮವ್ವನ ದನಿ ಇನ್ನೊಂದು ಸಲ ಕೇಳಲಿ ಎಂಬ ಆಸೆಯೂ ಒಳಗೆಲ್ಲೋ ಇತ್ತು. ನಾಲ್ಕು ಗಂಟೆ ಕಾಲ ಕೂತೆ. ಯಾರೂ ಬರಲಿಲ್ಲ. ಆಮೇಲೆ ಎದ್ದು, ಮಗುವನ್ನು ಕರೆದುಕೊಂಡು ಬನ್ನಿ ಎಂದು ಆಸ್ಪತ್ರೆಗೆ ಫೋನು ಮಾಡಿಸಿದೆ.

ಕಸುಬು ನನಗೆ ಕಲಿಸಿದ್ದು ಇಷ್ಟು. ಹೊಗೆ ಕಣ್ಣುರಿಸುತ್ತದೆ, ಕೆಮ್ಮಿಸುತ್ತದೆ, ಎದ್ದು ಹೋಗು ಎಂದು ಹೇಳುತ್ತದೆ. ಹೊಗೆಯಿಲ್ಲದ ಬೆಂಕಿ ಏನೂ ಹೇಳುವುದಿಲ್ಲ. ಅದಕ್ಕೇ ಅಲ್ಲಿಂದ ಮುಂದೆ ಯಾರ ಕೋಣೆಗೆ ಒಲೆ ಕೂರಿಸಿದರೂ, ಹೊರಗೊಬ್ಬರನ್ನು ಕಾವಲು ನಿಲ್ಲಿಸಿ, ಮೊದಲು ನಾನೇ ಬಾಗಿಲು ಹಾಕಿಕೊಂಡು ಅದರ ಮುಂದೆ ಕೂತಿದ್ದೇನೆ. ಅವಸರದ ಗಿರಾಕಿಗಳು ಬೈದಿದ್ದಾರೆ. ಬೈಯಲಿ ಎಂದು ಸುಮ್ಮನೆ ಕೂತಿದ್ದೇನೆ, ಆ ಕೋಣೆಯಲ್ಲಿ ನನ್ನ ಹೊರತು ಬೇರೆ ಯಾರೂ ಇಲ್ಲವೆಂದು ಖಾತ್ರಿಯಾಗುವವರೆಗೆ.