ಪರದೆಯ ಮೇಲಿನ ವಿಭೂತಿ

ಎಂಟನೇ ತರಗತಿಯಲ್ಲಿ ಶಾಲೆ ಬಿಟ್ಟವನು ನಾನು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಹೇಳಿಕೊಳ್ಳಲು ನಾಚಿಕೆಯೂ ಇಲ್ಲ. ನಮ್ಮೂರು ಸಿರುಮುಗೈಯ ರೇಷ್ಮೆ ಮಗ್ಗದಿಂದ ತಿರುಪ್ಪೂರಿನ ಪ್ರಿಂಟಿಂಗ್ ಮೇಜಿಗೆ, ಅಲ್ಲಿಂದ ಕಂಪ್ಯೂಟರ್ ಕೋಣೆಯ ಕುರ್ಚಿಗೆ ಬಂದದ್ದು ಯಾರ ಶಿಫಾರಸಿನಿಂದಲೂ ಅಲ್ಲ. ಹಗಲೆಲ್ಲ ಬನಿಯನ್ ಬಟ್ಟೆಯ ಮೇಲೆ ಚಿತ್ರ ಒತ್ತಿ, ಸಂಜೆ ಕೈಯ ಬಣ್ಣ ತೊಳೆದುಕೊಂಡು ಮೌಸ್ ಹಿಡಿದು ಕಲಿತದ್ದು.

ಎರಡು ಸಾವಿರದ ಇಸವಿ ಕಳೆದು ಏಳೆಂಟು ವರ್ಷವಾಗಿತ್ತು. ಮಾಲೀಕರ ಬೆನ್ನು ಬಿದ್ದು, ಬಣ್ಣದ ಕೆಲಸಕ್ಕೆಂದೇ ತಯಾರಾದ ದುಬಾರಿ ಪರದೆಯೊಂದನ್ನು ತರಿಸಿದ್ದೆ. ಸಾಮಾನ್ಯ ಪರದೆಯಲ್ಲಿ ಕಾಣುವ ಕೆಂಪು ಒಂದು, ಬಟ್ಟೆಗೆ ಇಳಿಯುವ ಕೆಂಪು ಇನ್ನೊಂದು. ಈ ಪರದೆಯ ಗಾಜಿನ ಮೇಲೆ ಅಂಗೈಯಗಲದ ಅಳೆಯುವ ಯಂತ್ರವನ್ನು ತೂಗುಹಾಕಿದರೆ, ಅದು ತನ್ನ ಕಣ್ಣಿನಿಂದ ಒಂದೊಂದೇ ಬಣ್ಣ ನೋಡುತ್ತದೆ. ಎಲ್ಲಿ ಎಷ್ಟು ತಿದ್ದಬೇಕೆಂಬುದು ಒಂದು ಫೈಲ್ ಆಗುತ್ತದೆ. ಆ ಫೈಲನ್ನು ಕೇಬಲ್ ಮೂಲಕ ಪರದೆಯ ಒಳಕ್ಕೇ ಏರಿಸಬೇಕು. ಆಮೇಲೆ ಅದು ಸುಳ್ಳು ತೋರಿಸುವುದಿಲ್ಲ. "ಬಣ್ಣ ತಪ್ಪಿದರೆ ನನ್ನನ್ನು ಮತ್ತೆ ಮೇಜಿಗೆ ಕಳಿಸಿ" ಎಂದು ನಾನೇ ಮಾಲೀಕರಿಗೆ ಮಾತು ಕೊಟ್ಟಿದ್ದೆ.

ಪರದೆ ಬಂದದ್ದು ಆಯುಧಪೂಜೆಯ ಹಿಂದಿನ ಸಂಜೆ. ಹೊಸ ಯಂತ್ರ, ಪೂಜೆಗೆ ಮುಂಚೆ ಸ್ವಿಚ್ ಹಾಕಬಾರದು ಎಂದರು ಮಾಲೀಕರು. ಪೂಜೆಯ ದಿನ ಯಾವ ಯಂತ್ರವನ್ನೂ ಮುಟ್ಟುವಂತಿಲ್ಲ. ಸರಿ, ವಿಜಯದಶಮಿಯ ಬೆಳಿಗ್ಗೆ ಬೇಗ ಬಂದೆ. ಮಕ್ಕಳ ಫ್ರಾಕಿನ ಮೆರೂನ್ ಬಣ್ಣವನ್ನು ಪರದೆಯಲ್ಲಿ ನೋಡಿ ಒಪ್ಪಲು, ಬಟ್ಟೆ ಕೊಳ್ಳುವ ಬೈಯರ್ ಕಡೆಯವರು ಅಂದೇ ಬರುವವರಿದ್ದರು.

ಕೋಣೆಯಲ್ಲಿ ನೋಡಿದರೆ, ಗಾಜಿನ ಮೇಲೆ ಅಡ್ಡಕ್ಕೆ ಮೂರು ಪಟ್ಟೆ ವಿಭೂತಿ, ನಡುವೆ ಕುಂಕುಮ. ಅಳೆಯುವ ಯಂತ್ರದ ಕಣ್ಣಿನ ಮೇಲೆ ತೆಳ್ಳಗೆ ಒಣಗಿದ ಚಂದನ. ಎಲ್ಲ ಮಾಲೀಕರ ತಾಯಿಯ ಕೈಕೆಲಸ. ಕಣ್ಣು ಎಲ್ಲಿದೆಯೆಂದು ಹುಡುಕಿಯೇ ಇಟ್ಟಿದ್ದರು. ಪೂಜೆಯ ಬೊಟ್ಟನ್ನು, ನಮ್ಮ ಮಾತಿನಲ್ಲಿ ಪೊಟ್ಟನ್ನು, ನಮ್ಮಲ್ಲಿ ಯಾರೂ ಒರೆಸುವುದಿಲ್ಲ. ಅದು ತಾನಾಗಿ ಉದುರಬೇಕು. ಮಾಲೀಕರೂ ನಮ್ಮಂತೆ ಮಗ್ಗದ ಮನೆಯವರು, ಮನೆಮಾತು ಕನ್ನಡ.

ಮಾಲೀಕರನ್ನು ಕೇಳಿದೆ.

"ಅಮ್ಮ ಇಟ್ಟದ್ದಪ್ಪಾ. ಮುಟ್ಟಬ್ಯಾಡ, ಹಂಗೇ ಮಾಡು."

ಹಾಗೇ ಮಾಡಿದೆ. ಅವರೇ ನೋಡಲಿ ಎಂದು ಮಾಡಿದೆ. ಚಂದನದ ಮೂಲಕ ನೋಡಿದ ಯಂತ್ರಕ್ಕೆ ಬಿಳಿಯೂ ಹಳದಿಯಾಗಿ ಕಂಡಿತು. ಇಲ್ಲದ ಹಳದಿಯನ್ನು ತೆಗೆಯಹೋಗಿ, ಫೈಲ್ ಏರಿದೊಡನೆ ಇಡೀ ಪರದೆ ನೀಲಿಗೆ ತಿರುಗಿತು.

"ಇದು ಮೆರೂನಾ ಅಣ್ಣ? ನೇರಳೆ ಹಣ್ಣು" ಅಂದೆ.

"ಹಣ್ಣೋ ಕಾಯೋ, ಅಮ್ಮನ ಹತ್ರ ಯಾರು ಬೈಸ್ಕೊಳ್ಳೋದು" ಎನ್ನುತ್ತ ಅವರು ಹೊರಗೆ ಹೋದರು.

ಬೈಸಿಕೊಳ್ಳಲು ನಾನಿದ್ದೆನಲ್ಲ. ಪೆಟ್ಟಿಗೆಯಲ್ಲಿ ಬಂದಿದ್ದ ಮೆತ್ತನೆಯ ಬಟ್ಟೆ ತೆಗೆದೆ. ವಿಭೂತಿಯನ್ನು ಊದಿ, ಗಾಜು ಒರೆಸಿ, ಯಂತ್ರದ ಕಣ್ಣನ್ನು ಉಜ್ಜುತ್ತಿರುವಾಗ ಬಾಗಿಲಲ್ಲಿ ಪ್ರಸಾದದ ಮಂಡಕ್ಕಿಯ ತಟ್ಟೆ ಹಿಡಿದು ಆ ತಾಯಿ ನಿಂತಿದ್ದರು.

"ಏನ್ ಮಾಡ್ತಾ ಇದೀಯೆ ಕಣ್ಣು?"

ನಮ್ಮ ಕಡೆ ಮುದ್ದಿಗೆ ಕಣ್ಣು ಎಂದು ಕರೆಯುತ್ತಾರೆ. ಅವರ ದನಿಯಲ್ಲಿ ಮುದ್ದಿರಲಿಲ್ಲ.

"ಒರೆಸ್ತಾ ಇದೀನಮ್ಮಾ."

"ಸಾಮಿ ಪೊಟ್ಟನ್ನ?"

"ನಿಮ್ಮನೇಲೂ ಮಗ್ಗ ಇತ್ತಲ್ಲಮ್ಮಾ. ಪೂಜೆ ದಿನ ಪೊಟ್ಟು ಎಲ್ಲಿಗೆ ಇಡ್ತಿದ್ರಿ?"

"ಮರಕ್ಕೆ."

"ಹಾಸಿನ ನೂಲಿಗೆ?"

"ನೂಲಿಗೆ ಯಾವ ಹುಚ್ಚ ಇಡ್ತಾನೆ, ಸೀರೆ ಕೆಡೋದಿಲ್ವಾ."

"ಈ ಗಾಜು, ಈ ಕಣ್ಣು, ಎರಡೂ ನೂಲಮ್ಮಾ. ಸುತ್ತ ಚೌಕಟ್ಟಿದೆಯಲ್ಲ, ಅದು ಮರ. ಅದಕ್ಕೆ ಎಷ್ಟು ಬೇಕೋ ಇಡಿ."

ಅವರು ಒಪ್ಪಲಿಲ್ಲ. "ನನಗೇ ನ್ಯಾಯ ಹೇಳ್ತಾನೆ. ಏನಾದ್ರೂ ಆದ್ರೆ ನಿನ್ನ ತಲೆ ಮೇಲೆ" ಎಂದು ಸ್ಟೂಲೆಳೆದು ಅಲ್ಲೇ ಕುಳಿತರು. ಇರಲಿ ಎಂದು ಮತ್ತೆ ಅಳತೆ ತೆಗೆದು ಫೈಲ್ ಏರಿಸತೊಡಗಿದೆ.

ಅರ್ಧ ಏರಿರಬಹುದು, ಕರೆಂಟು ಹೋಯಿತು. ಫ್ಯಾನ್ ನಿಂತಿತು. "ನೋಡ್ದ್ಯಾ" ಎಂದರು ಬೆನ್ನ ಹಿಂದಿನಿಂದ. ಫೈಲ್ ಏರುವುದು ನಡುವೆ ನಿಂತರೆ ಪರದೆಯೇ ಕೆಡಬಹುದೆಂದು ಕೈಪಿಡಿಯಲ್ಲಿತ್ತು. ಬ್ಯಾಟರಿಯ ಮೇಲೆ ಎಲ್ಲವನ್ನೂ ನಡೆಸುತ್ತಿದ್ದ ಯುಪಿಎಸ್ ಕೂಗುತ್ತಿತ್ತು. ಹೆದರಿದ್ದು ನಿಜ, ಆದರೆ ಬಟ್ಟೆ ಹಿಡಿದ ಕೈಗೆ ಪಶ್ಚಾತ್ತಾಪವೇನೂ ಆಗಲಿಲ್ಲ. ಹಸಿರು ಪಟ್ಟಿ ತೆವಳುತ್ತ ತೆವಳುತ್ತ ಕೊನೆ ಮುಟ್ಟಿತು. ಪರದೆಯಲ್ಲಿ ಬಿಳಿ ಬಿಳಿಯಾಯಿತು, ಮೆರೂನ್ ಮೆರೂನಾಯಿತು.

ಬಂದವರು ತಾವು ತಂದ ಬಟ್ಟೆಯ ತುಂಡನ್ನು ಪರದೆಯ ಪಕ್ಕ ಹಿಡಿದು, ಅತ್ತ ಇತ್ತ ನೋಡಿ, ಪ್ರಿಂಟ್ ಮಾಡಿ ಎಂದು ಹೇಳಿ ಕಾಫಿ ಕುಡಿದು ಹೋದರು.

ಮಾಲೀಕರು ನನ್ನ ಬಳಿ ಬಂದರು. "ಬಣ್ಣ ಸರಿ. ಅಮ್ಮನ ಕಾಲಿಗೊಂದು ಬಿದ್ದುಬಿಡು, ಮನಸ್ಸು ನೊಂದಿದೆ."

"ಬಣ್ಣ ತಪ್ಪಿದ್ರೆ ಬೀಳ್ತಿದ್ದೆ. ಒರೆಸಿದ್ದಕ್ಕೆ ಬೀಳಲ್ಲ."

"ಹಂಗಾದ್ರೆ ಮೇಜಿಗೆ ಹೋಗ್ತೀಯಾ?"

"ಅದೂ ಬಣ್ಣ ತಪ್ಪಿದ್ರೆ ಅಂತ ಕೊಟ್ಟ ಮಾತು."

ಕುರ್ಚಿಗೆ ಹೋಗಿ ಕುಳಿತು, ಮಾಲೀಕರಿಗೂ ಸ್ಟೂಲಿನ ಮೇಲಿದ್ದ ಆ ತಾಯಿಗೂ ಬೆನ್ನು ಮಾಡಿ ಮುಂದಿನ ಡಿಸೈನ್ ತೆರೆದೆ. ಎದ್ದು ಹೋಗು ಎಂದು ಹೇಳಲಿ ಎಂದು ಕಾದೆ. ಮಾಲೀಕರು ಹೇಳಲಿಲ್ಲ. ಆ ತಾಯಿ ಮಾತ್ರ ಮೆಟ್ಟಿಲಿಳಿಯುತ್ತ, "ಎಷ್ಟು ಕೊಬ್ಬು ನೋಡು ಅವನಿಗೆ" ಅಂದದ್ದು ಕೇಳಿಸಿತು.

ಇತ್ತು. ಅದನ್ನೂ ದುಡಿದೇ ಸಂಪಾದಿಸಿದ್ದೆ.